ಬಾತುಕೋಳಿಯ ಬಾಣಂತನ

ಹಿಮಾಲಯಕ್ಕೆಂದು ಕೊಂಡ ಡೌನ್ ಜಾಕೆಟ್ಟು ವರ್ಷದಲ್ಲಿ ಒಂದು ವಾರ ಹಿಮಾಲಯದಲ್ಲಿದ್ದರೆ ಹೆಚ್ಚು. ಉಳಿದ ದಿನವೆಲ್ಲ ಬೆಂಗಳೂರಿನ ಬೀರುವಿನಲ್ಲಿ, ನಮ್ಮತ್ತೆಯ ಪಟ್ಟೆಸೀರೆಗಳ ಪಕ್ಕದಲ್ಲಿ ಅದರ ವಾಸ. ಅಂಗಡಿಯಿಂದ ಬಂದಾಗ ಪುಟ್ಟ ಚೀಲದೊಳಗೆ ಮುದುರಿ ಕೂತಿರುತ್ತದೆ, ಎಷ್ಟು ಸಾಧು ಎನ್ನಿಸುತ್ತದೆ. ಆದರೆ ತಿಂಗಳುಗಟ್ಟಲೆ ಹಾಗೇ ಅಮುಕಿಟ್ಟರೆ ಒಳಗಿನ ತುಪ್ಪುಳ ಉಬ್ಬುವುದನ್ನೇ ಬಿಡುತ್ತದೆ. ಹ್ಯಾಂಗರಿಗೆ ತೂಗುಹಾಕಿ ಮೈ ಸಡಿಲಿಸಲು ಬಿಡಬೇಕು. ಬಿಟ್ಟದ್ದೇ ತಡ, ನಾಲ್ಕು ಸೀರೆಯ ಜಾಗ ಅದರ ಪಾಲಾಯಿತು. "ಬಾಡಿಗೆ ಏನಾದರೂ ಕೊಡುತ್ತೇನೇ ಇದು?" ಎಂದು ಅತ್ತೆ ಕೇಳಿದ್ದು ನ್ಯಾಯವೇ.

ನಿಜ ಹೇಳಬೇಕೆಂದರೆ ಬೆಚ್ಚಗಿಡುವುದು ತುಪ್ಪುಳವಲ್ಲ, ಅದರ ಎಳೆಗಳ ನಡುವೆ ಸಿಕ್ಕಿಕೊಂಡ ಗಾಳಿ. ಬಾತುಕೋಳಿಯ ಎದೆಯಲ್ಲಿ, ಹೊರಗೆ ಕಾಣುವ ಪುಕ್ಕದ ಅಡಿಯಲ್ಲಿ, ಕಡ್ಡಿಯೇ ಇಲ್ಲದ ಮೆತ್ತನೆಯ ತುಪ್ಪುಳವಿರುತ್ತದೆ. ಒಳ್ಳೆಯ ದರ್ಜೆಯದಾದರೆ ಬರೀ 28 ಗ್ರಾಂ ತುಪ್ಪುಳ ಉಬ್ಬಿ ಸುಮಾರು 13 ಲೀಟರ್ ಜಾಗ ಹಿಡಿಯುತ್ತದೆ. ಅಂದರೆ ನಾವು ಸಾವಿರಾರು ರೂಪಾಯಿ ಕೊಟ್ಟು ತರುವುದು ಗಾಳಿಯನ್ನು. 1922ರ ಎವರೆಸ್ಟ್ ಯಾತ್ರೆಗೆ ಜಾರ್ಜ್ ಫಿಂಚ್ ಎಂಬ ರಸಾಯನಶಾಸ್ತ್ರಜ್ಞ ಬಲೂನಿನ ಬಟ್ಟೆಯೊಳಗೆ ಈಡರ್ ಬಾತಿನ ತುಪ್ಪುಳ ತುಂಬಿಸಿದ ಕೋಟು ಹೊಲಿಸಿಕೊಂಡು ಬಂದಾಗ ಉಣ್ಣೆ, ಟ್ವೀಡ್ ತೊಟ್ಟಿದ್ದ ಸಂಗಡಿಗರಿಗೆ ನಗು. ಚಳಿ ಏರಿದ ಮೇಲೆ ನಗು ಹೋಗಿ ಹೊಟ್ಟೆಕಿಚ್ಚು ಬಂತು. ಆತ ಜೆಫ್ರಿ ಬ್ರೂಸ್ ಜೊತೆ ಸುಮಾರು 8,300 ಮೀಟರ್ ತನಕ ಏರಿದ. ಇದೇ ಫಿಂಚ್ 1950ರ ದಶಕದಲ್ಲಿ ನಮ್ಮ ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದ ನಿರ್ದೇಶಕನಾಗಿದ್ದ. ಕೋಟನ್ನೂ ಜೊತೆಗೆ ತಂದಿದ್ದರೆ ಪುಣೆಯ ಆ ಮನೆಯಲ್ಲೂ ಬೀರುವಿನ ಜಗಳ ನಡೆದಿರಲೇಬೇಕು.

ಚಾರಣದಲ್ಲಿ ನಡೆಯುವಾಗ ಇದನ್ನು ಯಾರೂ ಹಾಕಿಕೊಳ್ಳುವುದಿಲ್ಲ, ಬೆವರಿಳಿಯುತ್ತದೆ. ಕ್ಯಾಂಪು ತಲುಪಿದ ಮೇಲೆಯೇ ಅದರ ಡ್ಯೂಟಿ. ಆಗ ಶುರುವಾಗುತ್ತದೆ ಅಭಿಷೇಕ: ಕಾಲರಿಗೆ ಕೊಬ್ಬರಿಎಣ್ಣೆ, ಸನ್‌ಸ್ಕ್ರೀನು, ತೋಳಿನ ತುದಿಗೆ ದಾಲು, ಮ್ಯಾಗಿ, ರಾತ್ರಿ ಅದನ್ನೇ ಸುತ್ತಿ ತಲೆದಿಂಬು ಮಾಡಿಕೊಂಡಾಗ ಇನ್ನಷ್ಟು ಎಣ್ಣೆ. ಜಿಡ್ಡು ತೆಳು ನೈಲಾನಿನೊಳಗೆ ಇಳಿದು, ಎಳೆಗಳು ಒಂದಕ್ಕೊಂದು ಅಂಟಿಕೊಂಡು, ಗಾಳಿಗೆ ಎಡೆಯೇ ಇಲ್ಲದಾಗುತ್ತದೆ. ಜಾಕೆಟ್ಟಿಗೆ ವಯಸ್ಸಾಯಿತು ಎನ್ನುತ್ತಾರೆ. ವಯಸ್ಸಲ್ಲ, ಕೊಳೆ.

ಆದರೆ ಚಾರಣಿಗರ ಲೋಕದಲ್ಲಿ ಕೊಳೆಗೇ ಮರ್ಯಾದೆ. ಕೇದಾರಕಂಠಕ್ಕೆ ಹೊರಡುವವರು ಸೇರುವ ಸಾಂಕ್ರಿಯಲ್ಲಿ ನೋಡಬೇಕು: ಮಿರಮಿರ ಮಿಂಚುವ ಜಾಕೆಟ್ಟಿನವರಿಗೆ ಎಲ್ಲರೂ ಬಿಟ್ಟಿ ಬುದ್ಧಿವಾದ ಹೇಳುತ್ತಾರೆ, ಕಾಲರು ಕಪ್ಪಾಗಿ, ಹರಿದಲ್ಲೆಲ್ಲ ಟೇಪು ಅಂಟಿಸಿಕೊಂಡವರಿಗೆ ಒಲೆಯ ಪಕ್ಕದ ಜಾಗ ತಾನಾಗಿ ಬಿಡುಗಡೆಯಾಗುತ್ತದೆ. "ಕೊಂಡಾಗಿಂದ ನೀರು ಸೋಕಿಸಿಲ್ಲ" ಎನ್ನುವಾಗ ಅವರ ದನಿಯಲ್ಲಿ ಬ್ರಹ್ಮಚರ್ಯದ ತೇಜಸ್ಸು. ಕೆದಕಿ ನೋಡಿದರೆ ಒಳಗಿರುವುದು ಪುಕ್ಕಲು. ನೀರು ಬಿದ್ದರೆ ಕೆಟ್ಟೇಹೋಗುತ್ತದೆಂಬ ಹೆದರಿಕೆ.

ಹೆದರಿಕೆ ನನಗೂ ಇತ್ತು, ಅದಕ್ಕೇ ಮೊದಲು ಹೋದದ್ದು ಲಾಂಡ್ರಿಗೆ. "ಡ್ರೈಕ್ಲೀನ್ ಮಾಡಿ, ನೀಟಾಗಿ ಐರನ್ ಹೊಡೆದು ಕೊಡ್ತೀವಿ ಮೇಡಂ" ಎಂದರು. ಐರನ್ ಎಂದದ್ದೇ, ಜಾಕೆಟ್ ಅವಚಿಕೊಂಡು ಮನೆಗೆ ಓಡಿಬಂದೆ.

ಮಾಮೂಲಿ ಸೋಪುಪುಡಿ ತುಪ್ಪುಳದ ಸಹಜ ಎಣ್ಣೆಯಂಶವನ್ನೇ ಎಳೆದುಹಾಕುತ್ತದೆ, ಅದಕ್ಕೆಂದೇ ಬೇರೆ ದ್ರವ ಸೋಪು ಬೇಕು ಎಂದು ವಿವರಿಸುತ್ತಿದ್ದೆ. ಅತ್ತೆ ಸೀರೆಯ ನೆರಿಗೆ ಎತ್ತಿ ಕಟ್ಟಿದರು. "ಸೀಗೆಕಾಯಿ ಬಿಟ್ಟು ಶಾಂಪೂ ಹಚ್ಚಿದ್ದಕ್ಕೇ ನಿನ್ನ ತಲೆ ಹೀಗಾಗಿರೋದು. ಸರಿ ಆಚೆ." ಬಂಧುಬಳಗದ ಅದೆಷ್ಟೋ ಬಾಣಂತಿಯರಿಗೆ, ಕೂಸುಗಳಿಗೆ ನೀರು ಹಾಕಿದ ಕೈ ಅದು. ನಮ್ಮ ಮೆಷಿನ್ನಿನ ನಡುವೆ ತಿರುಗುವ ಕಂಬವಿದೆ, ಹೊಲಿಗೆ ಕಿತ್ತುಬಿಡಬಹುದು. ಹಾಗಾಗಿ ಟಬ್ಬಿನಲ್ಲೇ ಸ್ನಾನ. ಜಿಪ್ಪೆಲ್ಲ ಹಾಕಿ ಇಳಿಸಿದರೆ ಮುಳುಗಲೊಲ್ಲದು, ಒಳಗೆಲ್ಲ ಗಾಳಿ. ಅದುಮಿ ಅದುಮಿ ನೆನೆಸಿದ ಮೇಲೆ ಎತ್ತಲಾಗದಷ್ಟು ಭಾರ. ಹೆಗಲು ಹಿಡಿದು ಎಳೆಯಹೋದ ನನಗೆ "ಅಡಿಯಿಂದ ಎರಡೂ ಕೈ ಕೊಡೇ, ಕತ್ತು ಜೋಪಾನ!" ಎಂದು ಗದರಿದರು. ಅದು ನೂರಕ್ಕೆ ನೂರು ಸರಿ: ಒದ್ದೆ ತುಪ್ಪುಳದ ಭಾರಕ್ಕೆ ಒಳಗಿನ ಅಡ್ಡಹೊಲಿಗೆಗಳು ಹರಿದರೆ ತುಪ್ಪುಳವೆಲ್ಲ ಒಂದು ಮೂಲೆಗೆ ಜಾರುತ್ತದೆ. ಹಿಂಡುವುದೂ ಕೂಡದು. ನೊರೆ ಹೋಗುವವರೆಗೆ ನೀರು ಬದಲಿಸುತ್ತಲೇ ಇದ್ದೆವು.

ಅಷ್ಟರಲ್ಲಿ ವಾಸನೆ ಎದ್ದಿತು. ಒದ್ದೆ ತುಪ್ಪುಳ ತನ್ನ ಮೂಲವನ್ನು ಬಚ್ಚಿಡುವುದಿಲ್ಲ.

"ಏನೇ ಇದು, ಒಳಗಿರೋದು ಹತ್ತಿ ಅಲ್ವಾ?"

"ಬಾತುಕೋಳಿ, ಅತ್ತೆ."

ಅತ್ತೆ ಕೈಯನ್ನು ಮೈಯಿಂದ ಒಂದು ಮೊಳ ದೂರ ಹಿಡಿದುಕೊಂಡರು. ಇಷ್ಟು ದಿನ ಅದು ಮಡಿಸೀರೆಯ ಪಕ್ಕದಲ್ಲಿ ತೂಗಾಡುತ್ತಿತ್ತು. ನಾನು ಪಟ್ಟೆಸೀರೆಯ ಪಾಯಿಂಟು ಎತ್ತಿದೆ: ಕುದಿನೀರಿಗೆ ಗೂಡು ಹಾಕಿ, ಹುಳ ಕೊಂದು ತೆಗೆದ ನೂಲಿಗೆ ಮಡಿ ಉಂಟು, ಮುಂಜಿಯ ವಟುವಿಗೆ ಜಿಂಕೆಯ ಚರ್ಮ ಉಂಟು, ಕೃಷ್ಣನ ತಲೆಯ ಮೇಲೇ ನವಿಲುಗರಿ ಉಂಟು. ಶಿಡ್ಲಘಟ್ಟದ ಕಡೆ ಬೆಳೆದ ಅತ್ತೆಗೆ ನೂಲು ಬಿಚ್ಚುವುದನ್ನು ನಾನು ಹೇಳಿಕೊಡಬೇಕಿರಲಿಲ್ಲ. "ಅದು ಹುಳ. ಇದು ಕೋಳಿ" ಎಂದು ಒಂದೇ ಏಟಿಗೆ ತೀರ್ಪು ಕೊಟ್ಟರು. ಆಮೇಲೆ ಟಬ್ಬಿನ ಕಡೆ ನೋಡಿ, "ಹೇಗೂ ಮೈಲಿಗೆಯಾಯ್ತು, ಅರ್ಧಕ್ಕೆ ಬಿಡಬಾರದು" ಎಂದು ಮತ್ತೆ ಕೈ ಅದ್ದಿದರು.

ಒಣಗಿಸುವುದೇ ದೊಡ್ಡ ಕೆಲಸ. ಒಳಗೆ ತುಸು ಪಸೆ ಉಳಿದರೂ ಮುಗ್ಗಲು. ಅತ್ತೆಯ ಸಲಹೆ ಅಗ್ಗಿಷ್ಟಿಕೆ, ಮೇಲೊಂದು ಬೋರಲು ಬುಟ್ಟಿ, ಸಾಂಬ್ರಾಣಿ ಹೊಗೆ. ಕೆಂಡದ ಒಂದು ಕಿಡಿ ಸಾಕು, ನೈಲಾನು ತೂತು. ಕೊನೆಗೆ ಅಮೆರಿಕದಿಂದ ವಾಪಸಾದ ಕೆಳಮನೆಯವರ ಡ್ರೈಯರಿಗೆ ಶರಣಾದೆವು. ಹದವಾದ ಬಿಸಿ, ಜೊತೆಗೆ ಗಂಟುಗಟ್ಟಿದ ತುಪ್ಪುಳವನ್ನು ಬಡಿದು ಬಿಡಿಸಲು ಒಂದೆರಡು ಟೆನಿಸ್ ಚೆಂಡು. ಟೆನಿಸ್ ಆಡುವವರು ನಮ್ಮ ಬೀದಿಯಲ್ಲಿಲ್ಲ. ಚೆಂಡಿರುವುದು ಕ್ರಿಕೆಟ್ ಹುಡುಗರ ಬಳಿ. "ಆಂಟಿ, ಲಾಸ್ಟ್ ಓವರ್, ತಾಳಿ" ಎಂದು ಕಾಯಿಸಿದರು. ಒಂದು ಸಿಕ್ಸರಿಗೆ ಚೆಂಡು ಚರಂಡಿಗೆ ಬಿತ್ತು, ಅದನ್ನೂ ತೊಳೆಯಬೇಕಾಯಿತು.

ಗಂಟೆಗಟ್ಟಲೆ ದಬದಬ ಸದ್ದು. ನಡುನಡುವೆ ಹೊರತೆಗೆದು ಅತ್ತೆ ಗಂಟು ಹುಡುಕಿ ಬೆರಳಲ್ಲಿ ಬಿಡಿಸುತ್ತಿದ್ದರು. ಸಂಜೆಗೆ ಹೊರಬಂದ ಜಾಕೆಟ್ಟು ಅಂಗಡಿಯಲ್ಲಿ ಕಂಡದ್ದಕ್ಕಿಂತ ಗುಂಡುಗುಂಡಾಗಿತ್ತು. "ಮೈಕೈ ತುಂಬ್ಕೊಂಡಿದೆ ಕಣೇ, ದೃಷ್ಟಿ ತೆಗೀಬೇಕು" ಎಂದರು ಅತ್ತೆ. ಬೀರುವಿನಲ್ಲಿ ಮಾತ್ರ ಅದನ್ನು ನನ್ನ ಚೂಡಿದಾರಗಳ ಕಡೆಗೆ ದಾಟಿಸಿದರು.

ಮುಂದಿನ ಮೇ ತಿಂಗಳಲ್ಲಿ ಅವರ ಭಜನಾ ಮಂಡಳಿ ಬದರಿಗೆ ಹೊರಟಿತು. ಬದರಿ 3,100 ಮೀಟರ್ ಎತ್ತರದಲ್ಲಿದೆ, ಮೇನಲ್ಲೂ ಗಡಗಡ ಚಳಿ. ನಾನು ಏನೂ ಹೇಳಲಿಲ್ಲ. ಅವರ ಸೂಟ್‌ಕೇಸಿನಲ್ಲಿ ಜಾಕೆಟ್ಟು ತಾನಾಗಿ ಪ್ರತ್ಯಕ್ಷವಾಯಿತು. "ಗುಡಿಯೊಳಗೆ ಹಾಕ್ಕೊಳಲ್ಲ, ಹೊರಗಷ್ಟೇ" ಎಂಬ ಸಮಜಾಯಿಷಿಯೂ ಬಂತು. ಮರಳುವಾಗ ಎದೆಯ ಮೇಲೆ ಕುಂಕುಮದ ಕಲೆ, ತೋಳಿಗೆ ಖಿಚಡಿ, ಕಾಲರಿನಲ್ಲಿ ಢಾಳಾಗಿ ಹರಳೆಣ್ಣೆ. ನಾನು ಟಬ್ಬು ತಂದಿಟ್ಟೆ.

ಅತ್ತೆ ಜಾಕೆಟ್ಟನ್ನು ನನ್ನ ಕೈಯಿಂದ ಕಿತ್ತುಕೊಂಡರು. "ಬದರಿಗೆ ಹೋಗಿಬಂದಿದ್ದನ್ನ ಯಾರಾದರೂ ಒಗೀತಾರೇನೇ?"