ರಸ್ತೆ ಸೈಕಲ್ ಬಳಗಕ್ಕೆ ನವಾಗತರ ಪ್ರವೇಶ: ಆರ್.ಎಚ್. ಕ್ಯಾಂಪ್ ಪರಿಸರವನ್ನು ಅನುಲಕ್ಷಿಸಿ ಒಂದು ಬಹುಶಿಸ್ತೀಯ ಅನುಸಂಧಾನ

ಪ್ರಸ್ತಾವನೆ

ಸೈಕಲ್ ಎಂದರೆ ಎರಡು ಗಾಲಿ, ಒಂದು ಚೈನು, ಒಂದು ಸೀಟು ಇರುವ ವಾಹನ ಎಂಬ ಜನಪದ ತಿಳಿವಳಿಕೆಯನ್ನು ಈ ಪ್ರಬಂಧ ಆಮೂಲಾಗ್ರವಾಗಿ ನಿರಾಕರಿಸುತ್ತದೆ. ಸೈಕಲ್ ಒಂದು ಸಂಕಥನ. ಅದರ ಮೇಲೆ ಕೂರುವುದು ಒಂದು ತಾತ್ವಿಕ ನಿಲುವು. ಅದರಿಂದ ಬೀಳುವುದು ಒಂದು ಪಠ್ಯ. ಮೊಣಕಾಲಿನ ಗಾಯ ಅದರ ಅಡಿಟಿಪ್ಪಣಿ. ಸಿಂಧನೂರು ಸೀಮೆಯ ಭತ್ತದ ಬಗ್ಗೆ, ತುಂಗಭದ್ರಾ ಎಡದಂಡೆ ಕಾಲುವೆಯ ಬಗ್ಗೆ, ಆ ಕಾಲುವೆಯ ಕೊನೆ ಭಾಗಕ್ಕೆ ನೀರು ಬಾರದ ಬಗ್ಗೆ ಸಾಕಷ್ಟು ಬರೆದಾಗಿದೆ. ಆದರೆ ಭಾನುವಾರ ನಸುಕಿನಲ್ಲಿ ಬಿಗಿ ಚಡ್ಡಿ ತೊಟ್ಟು ರಾಷ್ಟ್ರೀಯ ಹೆದ್ದಾರಿಗೆ ಇಳಿಯುವ ಸಮುದಾಯವೊಂದರ ಬಗ್ಗೆ ವಿದ್ವತ್ ಲೋಕ ಅಕ್ಷಮ್ಯ ಮೌನ ತಾಳಿದೆ. ಆ ಮೌನವನ್ನು ಮುರಿಯುವುದು, ಸಾಧ್ಯವಾದರೆ ಅದೇ ಹೊಡೆತಕ್ಕೆ ಒಂದು ಬಡ್ತಿ ಗಿಟ್ಟಿಸುವುದು, ಪ್ರಸ್ತುತ ಅಧ್ಯಯನದ ಉದ್ದೇಶ.

ವಿಧಾನ: ಸಹಭಾಗಿ ಅವಲೋಕನ. ಅಂದರೆ ಪ್ರಬಂಧಕಾರನು ಒಂದು ಸೈಕಲ್ ಬಳಗಕ್ಕೆ ಹೊಸಬನಾಗಿ ಸೇರಿದನು. ಬಳಗದ ಹೆಸರು ಬೇಡ. ಹೆಸರು ಹಾಕಿದರೆ ವಾಟ್ಸಾಪ್ ಗುಂಪಿನಿಂದ ತೆಗೆಯುತ್ತಾರೆ. ದತ್ತಾಂಶದ ಮೂಲವೇ ಬತ್ತುತ್ತದೆ.

ಪಾರಿಭಾಷಿಕ ನೆಲೆ

ತುಳಿಯಲು ಬಂದರೆ ಸಾಲದು, ತುಳಿತದ ಬಗ್ಗೆ ಮಾತಾಡಲು ಬರಬೇಕು ಎಂಬುದು ಈ ಜ್ಞಾನಶಾಖೆಯ ಮೊದಲ ಸೂತ್ರ. ಪೆಡಲು ನಿಮಿಷಕ್ಕೆ ಎಷ್ಟು ಸುತ್ತು ಸುತ್ತಿತು ಎಂಬುದು ‘ಕೇಡೆನ್ಸ್’. ಹಸಿದು ಕಣ್ಣಿಗೆ ಕತ್ತಲೆ ಬರುವುದು ‘ಬಾಂಕ್’. ಚಹದ ಅಂಗಡಿ ‘ರೀಗ್ರೂಪ್ ಪಾಯಿಂಟ್’; ಅಲ್ಲಿ ತಿನ್ನುವ ಒಗ್ಗಾಣಿ-ಮಿರ್ಚಿ ‘ಕಾರ್ಬ್ ಲೋಡಿಂಗ್’. ಮುಂದಿನವನ ಬೆನ್ನಿಗಂಟಿ ಎದುರುಗಾಳಿ ತಪ್ಪಿಸಿಕೊಳ್ಳುವುದು ‘ಡ್ರಾಫ್ಟಿಂಗ್’. ಈ ಭಾಗದ ಹುಡುಗರು ಇದನ್ನು ಭತ್ತದ ಟ್ರ್ಯಾಕ್ಟರ್ ಹಿಂದೆ ತಲೆಮಾರುಗಳಿಂದ ಸಾಧಿಸುತ್ತ ಬಂದಿದ್ದು, ಈವರೆಗೆ ಬೈಗುಳ ಪಡೆದಿದ್ದಾರೆಯೇ ಹೊರತು ಪದಕ ಪಡೆದಿಲ್ಲ.

ಬಳಗದ ಹಿರಿಯರೊಬ್ಬರು ಪ್ರತಿ ಭಾನುವಾರ ಪ್ಯಾರಿಸ್‌ನಿಂದ ಶುರು ಮಾಡುತ್ತಾರೆ. ಅಲ್ಲಿನ ಆಡಾಕ್ಸ್ ಕ್ಲಬ್ ಹುಟ್ಟಿದ್ದು 1904ರಲ್ಲಿ. ಅದರ ನಿಯಮದಂತೆ 200 ಕಿಲೋಮೀಟರನ್ನು ಹದಿಮೂರೂವರೆ ಗಂಟೆಯೊಳಗೆ, 600 ಕಿಲೋಮೀಟರನ್ನು 40 ಗಂಟೆಯೊಳಗೆ ಮುಗಿಸಿ, ದಾರಿಯುದ್ದಕ್ಕೂ ಒಂದು ಕಾರ್ಡಿಗೆ ಮುದ್ರೆ ಹಾಕಿಸಿಕೊಂಡು ಬರಬೇಕು. ಮೆಚ್ಚತಕ್ಕ ಸಾಹಸವೇ, ಅಲ್ಲಗಳೆಯುವುದಿಲ್ಲ. ಹಿರಿಯರು ಆ ಕಾರ್ಡನ್ನು ಕಟ್ಟು ಹಾಕಿಸಿ ದೇವರ ಪಟಗಳ ಪಕ್ಕ ತೂಗುಬಿಟ್ಟಿದ್ದಾರೆ ಎಂಬುದಷ್ಟೇ ಇಲ್ಲಿ ದಾಖಲಾರ್ಹ.

ನವಾಗತರ ಸಪ್ತವಿಧ ವರ್ಗೀಕರಣ

ನವಾಗತರನ್ನು ಏಳು ಬಗೆಯಾಗಿ ವಿಂಗಡಿಸಬಹುದು.

ಮೊದಲನೆಯದು ‘ಕ್ಯಾರಿಯರ್-ಸಹಿತ ನವಾಗತ’. ಮನೆಯಲ್ಲಿದ್ದ ಹಳೆಯ ಸೈಕಲ್ಲಿಗೆ ಗಾಳಿ ಹೊಡೆಸಿ, ಚೈನಿಗೆ ಎಣ್ಣೆ ಬಿಟ್ಟು, ಬಳಗ ಎಂದರೆ ಬಳಗ ಎಂದು ನಂಬಿ ಬಂದವನು. ಈತನನ್ನು ಯಾರೂ ಹೋಗು ಎನ್ನುವುದಿಲ್ಲ. “ನೈಸ್, ವಿಂಟೇಜ್!” ಎನ್ನುತ್ತಾರೆ. ಮುಂದಿನ ವಾರ ಆತನೇ ಬರುವುದಿಲ್ಲ.

ಎರಡನೆಯದು ‘ಕಾರ್ಬನ್-ಪ್ರಾಪ್ತ ನವಾಗತ’. ಸೈಕಲ್ ಸ್ಪರ್ಧೆಗಳ ಅಂತರರಾಷ್ಟ್ರೀಯ ಒಕ್ಕೂಟ ಸ್ಪರ್ಧೆಯ ಸೈಕಲ್ 6.8 ಕಿಲೋಗಿಂತ ಹಗುರ ಇರಬಾರದು ಎಂದು 2000ದಲ್ಲೇ ಕಟ್ಟಪ್ಪಣೆ ಮಾಡಿದೆ. ಯಾವ ಸ್ಪರ್ಧೆಗೂ ಹೋಗದ ಈ ಮಹನೀಯನು ಆ ಅಂಕಿಯನ್ನು ಮುಟ್ಟಲು ಮಡ್‌ಗಾರ್ಡ್ ಬಿಚ್ಚಿದ, ಬೆಲ್ಲು ಬಿಚ್ಚಿದ, ಸ್ಟ್ಯಾಂಡಂತೂ ಮೊದಲೇ ಇರಲಿಲ್ಲ. ಹೀಗಾಗಿ ಆ ಸೈಕಲ್ ಲೋಕದಲ್ಲಿ ಎಲ್ಲಿಯೂ ತಾನಾಗಿ ನಿಲ್ಲಲಾರದು. ಕಂಡವರ ಗೋಡೆ ಬೇಕು. ಚಹದ ಅಂಗಡಿಯ ಮುದುಕ ಅದನ್ನು ಎರಡು ಸುತ್ತು ಸುತ್ತಿ ನೋಡಿದ. “ಎಷ್ಟ್ ಬಿತ್ರೀ ಇದಕ್ಕ?” ಎರಡೂವರೆ ಲಕ್ಷ ಎಂದಾಗ ಅವನ ಮುಖದಲ್ಲಿ ಬೆರಗೇನೂ ಕಾಣಲಿಲ್ಲ, ಕನಿಕರ ಕಂಡಿತು. “ಅಷ್ಟು ರೊಕ್ಕ ಇಸ್ಕೊಂಡು ಒಂದು ಸ್ಟ್ಯಾಂಡ್ ಕೊಡಲಿಲ್ಲೇನ್ರೀ ಅವರು?”

ಮೂರನೆಯದು ‘ಕ್ಲೀಟ್-ಪತಿತ’. ಬೂಟನ್ನು ಪೆಡಲಿಗೆ ಸಿಕ್ಕಿಸಿ, ಬಿಡಿಸಿಕೊಳ್ಳುವ ವಿದ್ಯೆ ಕಲಿಯುವ ಮೊದಲೇ ಎಮ್ಮೆ ಅಡ್ಡ ಬಂದು, ನಿಂತಲ್ಲೇ ಪಕ್ಕಕ್ಕೆ ಒರಗಿ ಬೀಳುವವನು. ಬೀಳುವಾಗಲೂ ಎರಡೂ ಕಾಲು ಪೆಡಲಿನಲ್ಲೇ ಇರುತ್ತವೆ. ಎಮ್ಮೆಗೆ ಏನೂ ಆಗುವುದಿಲ್ಲ.

ನಾಲ್ಕನೆಯದು ಚೈನಿಗೆ ಸಂಬಂಧಿಸಿದ್ದು. ಚೈನಿನ ಮೇಣ, ಚೈನಿನ ಅಳತೆಗೋಲು, ಚೈನಿನ ಆಯುಷ್ಯ ಕುರಿತು ಬಳಗದಲ್ಲಿ ಒಂದಿಡೀ ಉಪನ್ಯಾಸ ನಡೆಯಿತು. ಸಭೆಯಲ್ಲಿ ನಾಲ್ಕಾರು ಜನ ರೈತರ ಮಕ್ಕಳಿದ್ದರು. ಈ ಸೀಮೆಗೆ ಚೈನು ಎಂದರೆ ನೆನಪಾಗುವುದು 2024ರ ಆಗಸ್ಟ್ 10ರ ರಾತ್ರಿ: ತುಂಗಭದ್ರಾ ಅಣೆಕಟ್ಟಿನ 19ನೇ ಗೇಟಿನ ಚೈನು ಕಡಿದು, ನಾಟಿ ಮಾಡಿದ ಭತ್ತಕ್ಕೆ ಇನ್ನು ನೀರುಂಟೋ ಇಲ್ಲವೋ ಎಂದು ಊರೂರು ನಿದ್ದೆಗೆಟ್ಟ ರಾತ್ರಿ. ಉಪನ್ಯಾಸಕರು ಆ ವಿಷಯಕ್ಕೆ ಬರಲಿಲ್ಲ.

ಐದು, ಆರು, ಏಳನೆಯ ಬಗೆಗಳನ್ನು ಓದುಗರೇ ಊಹಿಸಿಕೊಳ್ಳಬೇಕು. ವಿಂಗಡಿಸುವ ಉಮೇದು ಉಳಿದಿಲ್ಲ.

ಕ್ಷೇತ್ರಕಾರ್ಯ: ಮಸ್ಕಿ

ಬಳಗದ ಪರಮ ಪವಿತ್ರ ಯಾತ್ರೆ ‘ಮಸ್ಕಿ ರೈಡ್’. ಹೆದ್ದಾರಿ 150ಎ ಹಿಡಿದು ಮಸ್ಕಿ, ಮೈಯಲ್ಲಿ ಕಸುವಿದ್ದರೆ ಲಿಂಗಸುಗೂರು. ರಸ್ತೆಯ ಅರ್ಧಕ್ಕೆ ಭತ್ತ ಹರವಿದ್ದರೆ ಗುಂಪಿನ ನಾಯಕರು ‘ಅಡೆತಡೆ’ ಎಂದು ಕೈಸನ್ನೆ ಮಾಡುತ್ತಾರೆ. ಒಂದು ವರ್ಷದ ಅನ್ನಕ್ಕೆ ಅವರು ಇಟ್ಟ ಹೆಸರು ಅದು. ಮಸ್ಕಿಯ ಬೆಟ್ಟದ ಬುಡದಲ್ಲಿ ಸೈಕಲ್ಲನ್ನು ತಲೆಯ ಮೇಲೆತ್ತಿ ಪಟ ತೆಗೆಸಿಕೊಂಡರೆ ರೈಡ್ ಸಂಪನ್ನ.

ಮೇಲೆ ಬಂಡೆಯಲ್ಲಿ ಅಶೋಕನ ಶಾಸನವಿದೆ. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಅದನ್ನು ಪತ್ತೆ ಹಚ್ಚಿದ. ಬೇರೆ ಕಡೆ ಬರೀ ದೇವಾನಾಂಪ್ರಿಯ ಎಂದು ಕರೆದುಕೊಂಡ ರಾಜ ಯಾರೆಂಬ ತಗಾದೆಗೆ ಇಲ್ಲಿನ ‘ಅಶೋಕ’ ಎಂಬ ಹೆಸರು ತೀರ್ಪು ಕೊಟ್ಟಿತು. ಇಷ್ಟನ್ನು ನಾಯಕರು ಬಾಯಿಪಾಠ ಒಪ್ಪಿಸುತ್ತಾರೆ. ಶಾಸನ ಏನು ಹೇಳುತ್ತದೆ ಎಂಬುದಕ್ಕೆ ಮಾತ್ರ ಹೊತ್ತಿರುವುದಿಲ್ಲ, ಬಿಸಿಲೇರುವುದರೊಳಗೆ ವಾಪಸಾಗಬೇಕು. ಅದು ಹೇಳುವುದರ ತಾತ್ಪರ್ಯ ಇಷ್ಟು: ಧರ್ಮದಲ್ಲಿ ತೊಡಗಿದರೆ ಸಣ್ಣವನಿಗೂ ಇದು ದಕ್ಕುತ್ತದೆ, ದೊಡ್ಡವರಿಗೆ ಮಾತ್ರ ಎಂದು ತಿಳಿಯಬೇಡಿ.

ಆ ಬಂಡೆಯ ಕೆಳಗೇ ನನಗೆ ಹೇಳಲಾಯಿತು: ಹೊಸಬರು ಆರು ವಾರ ಗುಂಪಿನ ಹಿಂದೆಯೇ ಇರಬೇಕು, ಜರ್ಸಿ ಆಮೇಲೆ. ಕಾಲುಚೀಲ ಬಹಳ ಗಿಡ್ಡ ಆಯಿತೆಂಬ ಆಕ್ಷೇಪವೂ ಬಂತು. ಕಾಲುಚೀಲ ಎಷ್ಟೆತ್ತರ ಇರಬಹುದು ಎಂಬುದಕ್ಕೆ ಅಂತರರಾಷ್ಟ್ರೀಯ ಒಕ್ಕೂಟದ ನಿಯಮ ಇರುವುದು ನಿಜ: ಕಾಲ ಹರಡಿಗೂ ಮೊಣಕಾಲ ಕೆಳಗಿನ ಎಲುಬಿನ ತಲೆಗೂ ನಡುವಿನ ಅರ್ಧ ದಾಟಬಾರದು. ಅದು ಗರಿಷ್ಠ ಮಿತಿ. ಗಿಡ್ಡ ಇರಬಾರದೆಂಬುದು ನಮ್ಮ ಬಳಗದ ಸ್ವಂತ ಕೊಡುಗೆ.

ನವಾಗತ ಎಂಬ ಪರಿಕಲ್ಪನೆ: ಕೆಲವು ತೊಡಕುಗಳು

ಇಲ್ಲಿ ಸೈದ್ಧಾಂತಿಕ ಚೌಕಟ್ಟು ಸ್ವಲ್ಪ ಅಲುಗಾಡುತ್ತದೆ.

ವಾಪಸು ಬರುವಾಗ ಸಿಂಧನೂರಿನ ಹತ್ತಿರ ಆರ್.ಎಚ್. ಕ್ಯಾಂಪಿನ ಗೌಂಡಿಯೊಬ್ಬ ನಮ್ಮ ಮುಂದೆ ಹೊರಟಿದ್ದ. ಕಪ್ಪು ಇಪ್ಪತ್ತೆರಡು ಇಂಚಿನ ಸೈಕಲ್. ಕ್ಯಾರಿಯರ್‌ಗೆ ಹಳೇ ಟ್ಯೂಬಿನಿಂದ ಬಿಗಿದ ಸಿಮೆಂಟ್ ಚೀಲ. ಚೀಲದ ಬಾಯಿಂದ ಕರಣಿಯ ಹಿಡಿ, ಬುತ್ತಿ ಡಬ್ಬಿಯ ಕಿವಿ ಇಣುಕುತ್ತಿದ್ದವು. ಚಪ್ಪಲಿಯ ಹಿಮ್ಮಡಿಯಿಂದ ಪೆಡಲು ತುಳಿಯುತ್ತಿದ್ದ. ನಮ್ಮ ಗುಂಪು “ಲೆಫ್ಟ್! ಲೆಫ್ಟ್!” ಎಂದು ಕೂಗಿತು. ಅವನು ರಸ್ತೆ ಬಿಟ್ಟು ಮಣ್ಣಿಗಿಳಿದು, ಕಾಲೂರಿ ನಿಂತು, ನಾವು ದಾಟುವವರೆಗೆ ಕಾದ. ನಾಯಕರು ಹೊರಳಿ ನೋಡಿ, “ರೋಡ್ ಸೆನ್ಸ್ ಇಲ್ಲ ಈ ಕ್ಯಾಂಪಿನವರಿಗೆ” ಎಂದರು.

ಬೆಲ್ಲು ಬಿಚ್ಚಿಟ್ಟು ಬಂದವರು ಹೇಳಿದ ಮಾತು ಅದು. ವಾರಕ್ಕೆ ಒಂದು ದಿನ ಬರುವವರು, ದಿನಾ ಬರುವವನಿಗೆ ಹೇಳಿದ ಮಾತು.

ಆರ್.ಎಚ್. ಕ್ಯಾಂಪಿನವರ ಹಿರಿಯರು ಪೂರ್ವ ಪಾಕಿಸ್ತಾನದಿಂದ ನಿರಾಶ್ರಿತರಾಗಿ ಬಂದು ಅರ್ಧ ಶತಮಾನ ದಾಟಿದೆ. ಸರ್ಕಾರ ಊರಿಗೆ ಹೆಸರಿಡದೆ ಒಂದು, ಎರಡು, ಮೂರು ಎಂದು ನಂಬರು ಹಾಕಿತು; ನಂಬರೇ ವಿಳಾಸವಾಯಿತು. ಅವರು ಎರೆಹೊಲದಲ್ಲಿ ದುಡಿದರು, ಕೆರೆಹೊಂಡದಲ್ಲಿ ಮೀನು ಸಾಕಿದರು, ದುರ್ಗಾಪೂಜೆ ಕಟ್ಟಿದರು, ಮನೆಯಲ್ಲಿ ಬಂಗಾಳಿ, ಸಂತೆಯಲ್ಲಿ ಕನ್ನಡ ಆಡುತ್ತ ಮೊಮ್ಮಕ್ಕಳನ್ನು ಕಂಡರು. 2019ರ ಪೌರತ್ವ ತಿದ್ದುಪಡಿ ಕಾಯ್ದೆಯಡಿ ಅವರಲ್ಲಿ ಬೆರಳೆಣಿಕೆಯ ಮಂದಿಗೆ ಪ್ರಮಾಣಪತ್ರ ಕೈಗೆ ಬಂದದ್ದು 2024ರಲ್ಲಿ. ಆರು ವಾರ ಹಿಂದೆ ಇರಬೇಕೆಂದಾಗ ನನಗೆ ಸಿಟ್ಟು ನೆತ್ತಿಗೇರಿತ್ತು. ಇವರನ್ನು ಎಷ್ಟು ವರ್ಷ ಗುಂಪಿನ ಹಿಂದೆ ನಿಲ್ಲಿಸಿದೆವು, ಯಾವ ಜರ್ಸಿಗಾಗಿ?

ಸಂಶೋಧನಾ ಪ್ರಬಂಧದಲ್ಲಿ ಪ್ರಶ್ನಾರ್ಥಕ ಚಿಹ್ನೆ ಮಿತವಾಗಿರಬೇಕೆಂದು ಮಾರ್ಗದರ್ಶಕರು ಎಚ್ಚರಿಸಿದ್ದಾರೆ. ಇರಲಿ, ಇನ್ನೊಂದೇ ಒಂದು.

2006-07ರಲ್ಲಿ ರಾಜ್ಯ ಸರ್ಕಾರ ಎಂಟನೇ ತರಗತಿ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆ ತಂದಿತು. ಬ್ರೇಕು ಹಿಡಿಯುತ್ತಿರಲಿಲ್ಲ, ನಟ್ಟು ಸಡಿಲ, ಎಲ್ಲ ನಿಜ. ಆದರೂ ಹೈಸ್ಕೂಲು ದೂರವಾಯಿತೆಂದು ಏಳಕ್ಕೇ ಬಿಡಬೇಕಿದ್ದ ಹುಡುಗಿಯರು ಜೋಡಿ ಜೋಡಿಯಾಗಿ ಕಾಲುವೆ ದಂಡೆಯ ಮೇಲೆ ಮಾತಾಡುತ್ತ ಹೋಗುವುದನ್ನು ಈ ನಾಡು ಕಂಡಿತು. ಕರ್ನಾಟಕ ಕಂಡ ಅತಿ ದೊಡ್ಡ ಸೈಕಲ್ ಬಳಗ ಅದೇ. ಅದಕ್ಕೆ ಪ್ರವೇಶಕ್ಕೆ ಬೇಕಿದ್ದ ಅರ್ಹತೆ ಎಂಟನೇ ತರಗತಿ, ಅಷ್ಟೆ. ಕೊರೋನಾ ನೆಪದಲ್ಲಿ 2020ರಿಂದ ನಿಂತ ಯೋಜನೆ ಸರ್ಕಾರ ಬದಲಾದರೂ ಮತ್ತೆ ಏಳಲಿಲ್ಲ. ಬಳಗಗಳ ಬಾಯಲ್ಲಿ ದಿನಾ ಪರಿಸರ, ದಿನಾ ಆರೋಗ್ಯ, ದಿನಾ ‘ಸೈಕಲ್ ಸಂಸ್ಕೃತಿ’. ಈ ಮಕ್ಕಳ ಸೈಕಲ್ ಎಲ್ಲಿ ಹೋಯಿತು ಎಂದು ಒಂದಾದರೂ ಬಳಗ ತನ್ನ ರಸ್ತೆಯಲ್ಲಿ ನಿಂತು ಕೇಳಬಾರದಿತ್ತೇ?

ಮುಂದಿನ ಅಧ್ಯಯನಕ್ಕೆ ಸೂಚನೆ

ಬಳಗದ ಮುಂದಿನ ಸಭೆಯ ವಿಷಯಪಟ್ಟಿ ಬಂದಿದೆ. ಮೊದಲನೆಯ ವಿಷಯ ಕಾಲುಚೀಲದ ಏಕರೂಪತೆ. ಎರಡನೆಯದು ಜರ್ಸಿಯ ಬೆನ್ನಿನಲ್ಲಿ ಅಶೋಕನ ಚಿತ್ರ ಹಾಕುವುದೋ, ಪ್ರಾಯೋಜಕರದೋ. ಮಕ್ಕಳ ಸೈಕಲ್ ವಿಚಾರವನ್ನೂ ಸೇರಿಸಿ ಎಂದು ಲಿಖಿತವಾಗಿ ಕೇಳಿದ್ದೇನೆ. ‘ಇತರೆ’ ಎಂಬಲ್ಲಿ, ಅಧ್ಯಕ್ಷರ ಅಪ್ಪಣೆ ಮೇರೆಗೆ, ಸಮಯ ಉಳಿದರೆ ತೆಗೆದುಕೊಳ್ಳುತ್ತಾರಂತೆ. ಆದರೆ ಆರು ವಾರ ತುಂಬದವರಿಗೆ ಸಭೆಯಲ್ಲಿ ಮಾತಾಡುವ ಹಕ್ಕಿಲ್ಲವಂತೆ.