ಐವತ್ತು ಪರ್ಸೆಂಟಿನ ರಾಯರು

ಮೈಸೂರಿನ ಸರಸ್ವತೀಪುರದ ನಮ್ಮ ಅಡ್ಡರಸ್ತೆಯಲ್ಲಿ ಪ್ರಾತಃಕಾಲ ಆರೂವರೆಯ ಹೊತ್ತಿಗೆ ಹಾದುಹೋಗುವವರು, ತೆಂಗಿನ ಮರದಡಿ ಬೂದುಬಣ್ಣದ ಹೊದಿಕೆ ಹೊದ್ದು ಯೋಗನಿದ್ರೆಯಲ್ಲಿರುವ ಒಂದು ಕಾರನ್ನೂ, ಆ ಹೊದಿಕೆಯ ಅಂಚನ್ನು ಮೆಲ್ಲಗೆ ಎತ್ತಿ, ಮಲಗಿರುವ ಮಗುವಿನ ಜ್ವರ ನೋಡುವವರಂತೆ ಒಳಗೆ ಇಣುಕುತ್ತಿರುವ ಒಬ್ಬ ವೃದ್ಧರನ್ನೂ ಕಾಣದೆ ಮುಂದೆ ಹೋಗುವಂತಿಲ್ಲ. ಅವರ ನಿಜನಾಮಧೇಯವನ್ನು ಗೇಟಿನ ಫಲಕವೂ ಮರೆತಿದೆ. ಅಕ್ಷರಗಳು ಮಾಸಿ ಬಹಳ ಕಾಲವಾಯಿತು. ಬೀದಿಗೆಲ್ಲ ಅವರು ‘ಐವತ್ತು ಪರ್ಸೆಂಟಿನ ರಾಯರು’. ಈ ಬಿರುದು ಅವರಿಗೆ ಸಂದದ್ದು ಲಂಚದ ವ್ಯವಹಾರದಿಂದಲ್ಲವೆಂದು ಮೊದಲೇ ಹೇಳಿಬಿಡುವುದು ಕ್ಷೇಮ. ಕಾರಿನ ವಿಮೆಯಲ್ಲಿ ‘ನೋ ಕ್ಲೇಮ್ ಬೋನಸ್’ ಎಂಬ ಒಂದು ಪುಣ್ಯಸಂಚಯವುಂಟು. ಒಂದು ವರ್ಷ ಕ್ಲೇಮು ಕೇಳದೆ ಸುಮ್ಮನಿದ್ದವನಿಗೆ ಸ್ವಂತ ಹಾನಿಯ ಭಾಗದ ಪ್ರೀಮಿಯಂನಲ್ಲಿ ನೂರಕ್ಕೆ 20 ಸೋಡಿ, ಮರುವರ್ಷವೂ ಸುಮ್ಮನಿದ್ದರೆ 25, ಅನಂತರ 35, ಆಮೇಲೆ 45, ಐದನೆಯ ವರ್ಷಕ್ಕೆ 50. ಅಲ್ಲಿಗೆ ಸೋಪಾನ ಮುಗಿಯಿತು. ಆ ತುದಿಮೆಟ್ಟಿಲನ್ನೇರಿ ಕುಳಿತಿರುವ ರಾಯರಿಗೆ, ಕೆಳಗಿಳಿಯುವ ಭಯವೊಂದನ್ನು ಬಿಟ್ಟರೆ, ಇಹಲೋಕದಲ್ಲಾಗಲಿ ಪರಲೋಕದಲ್ಲಾಗಲಿ ಬೇರೆ ಭಯವಿಲ್ಲ.

ಪ್ರತಿ ಬಡಾವಣೆಯಲ್ಲಿಯೂ ಇಂಥವರೊಬ್ಬರು ಇದ್ದೇ ಇರುವರು. ಆದರೆ ಈ ವರ್ಗದ ಮನುಷ್ಯ 2007ಕ್ಕೆ ಹಿಂದೆ ಉದಯಿಸಲು ಅವಕಾಶವೇ ಇರಲಿಲ್ಲ. 1973ರಲ್ಲಿ ನೂರಕ್ಕೂ ಮಿಕ್ಕಿದ್ದ ವಿಮಾ ಕಂಪನಿಗಳನ್ನು ಸರ್ಕಾರ ಕಲಸಿ ನಾಲ್ಕು ಉಂಡೆ ಮಾಡಿಟ್ಟ ಮೇಲೆ, ಯಾವ ಬಾಗಿಲನ್ನು ತಟ್ಟಿದರೂ ಒಂದೇ ದರ, ನ್ಯಾಯಬೆಲೆ ಅಂಗಡಿಯ ಸಕ್ಕರೆಯಂತೆ. ಚೌಕಾಸಿಗೆ ಬಾಯೇ ಇರಲಿಲ್ಲ. ದೇವರಾಜ ಮಾರುಕಟ್ಟೆಯಲ್ಲಿ ಈರನಗೆರೆ ಬದನೆಕಾಯಿಗೆ ಚೌಕಾಸಿ ಮಾಡಿ ಮಾಡಿ ಹದಗೊಂಡಿದ್ದ ರಾಯರ ಪ್ರತಿಭೆಗೆ ತಕ್ಕ ಕ್ಷೇತ್ರ ದೊರೆತದ್ದು 2007ರ ಜನವರಿಯಲ್ಲಿ ಸ್ವಂತ ಹಾನಿಯ ದರದ ಕಟ್ಟು ಬಿಚ್ಚಿದಾಗಲೇ. ಥರ್ಡ್ ಪಾರ್ಟಿ ಭಾಗದ ದರ ಮಾತ್ರ ಸರ್ಕಾರದ್ದೇ. 2022ರಲ್ಲಿ ಗೊತ್ತುಮಾಡಿದ ಪಟ್ಟಿಯಂತೆ 1000 ಸಿ.ಸಿ.ಯೊಳಗಿನ ಕಾರಿಗೆ 2,094 ರೂಪಾಯಿ, 1500ರೊಳಗಿನದಕ್ಕೆ 3,416, ಅದಕ್ಕೂ ದೊಡ್ಡದಕ್ಕೆ 7,897; ಈ ಮೂರು ಸಂಖ್ಯೆಗಳನ್ನು ರಾಯರು ಸಂಧ್ಯಾವಂದನೆಯ ಮಂತ್ರದಂತೆ ಎಡವದೆ ಹೇಳುವರು. ಅದರಲ್ಲಿ ಒಂದು ಕಾಸೂ ಕಡಿಮೆಯಾಗದೆಂಬುದು ಅವರ ಜೀವನದ ಚಿರಶೋಕ.

ರಿನ್ಯೂವಲ್ಲಿಗೆ ಇನ್ನೂ ಒಂದು ತಿಂಗಳಿರುವಾಗಲೇ ರಾಯರ ಪಡಸಾಲೆಯಲ್ಲಿ ದೂರವಾಣಿಯ ಯುದ್ಧಪರ್ವ ಆರಂಭವಾಗುವುದು. ಬೆಂಚಿನ ಮೇಲೆ ದಾರ ಕಟ್ಟಿದ ಫೈಲು, ಮದುವೆಯ ಕರೆಯೋಲೆಗಳ ಬೆನ್ನಿನಲ್ಲಿ ಬರೆದ ಲೆಕ್ಕಗಳು, ಆರಿಹೋದ ಕಾಫಿ. ಒಮ್ಮೆ ನಾನು ಹೋದಾಗ ಅವರು, ಕಂಪನಿಯೊಂದರಿಂದ ಕರೆಮಾಡಿದ್ದ ಹುಡುಗಿಯೊಂದಿಗೆ ಅತ್ಯಂತ ವಾತ್ಸಲ್ಯದಿಂದ ಕಾದುತ್ತಿದ್ದರು.

“ಹೋದ ವಾರ ಹೇಳಿದ್ದಕ್ಕಿಂತ ಮುನ್ನೂರೆಪ್ಪತ್ತೈದು ರೂಪಾಯಿ ಇಳಿಸಿದ್ದೀಯಮ್ಮ, ಬಹಳ ಸಂತೋಷ. ಐ.ಡಿ.ವಿ. ಎಷ್ಟು ಹಾಕಿದ್ದೀಯ, ಸ್ವಲ್ಪ ನೋಡಿ ಹೇಳು.”

ಆ ಕಡೆ ಮೌನ.

“ಒಂದು ಲಕ್ಷದ ಮೂವತ್ತು ಸಾವಿರವೇ? ಒಂದು ಅರವತ್ತಿತ್ತಲ್ಲ ತಾಯಿ! ನನ್ನ ಗಾಡಿಯ ಬೆಲೆಯಲ್ಲೇ ಮೂವತ್ತು ಸಾವಿರ ಕಿತ್ತುಕೊಂಡು, ಅದರಲ್ಲಿ ಮುನ್ನೂರೆಪ್ಪತ್ತೈದು ನನಗೇ ದಾನ ಕೊಡುತ್ತೀಯಾ? ನಾಳೆ ಗಾಡಿ ಕಳುವಾದರೆ ಮಿಕ್ಕ ಹಣಕ್ಕೆ ಯಾರ ಮನೆಗೆ ಹೋಗಲಿ?”

ಅಗ್ಗದ ಪಾಲಿಸಿಯ ಬಹುಪಾಲು ರಹಸ್ಯ ಇಲ್ಲಿಯೇ ಇದೆಯೆಂಬುದನ್ನು ನಾನು ಅಂದು ಕಲಿತೆ. ಆ ಹುಡುಗಿಯ ಮೇಲೆ ನನಗೆ ಕನಿಕರ ಹುಟ್ಟಿತಾದರೂ, ಸಂಭಾಷಣೆ ಮುಗಿಯುವ ಹೊತ್ತಿಗೆ ಅವಳೇ ತನ್ನ ತಮ್ಮನ ಬೈಕಿಗೆ ಯಾವ ಪಾಲಿಸಿ ತೆಗೆಯಲೆಂದು ರಾಯರನ್ನು ಕೇಳುತ್ತಿದ್ದಳಾದ್ದರಿಂದ ಅದು ವ್ಯರ್ಥವಾಯಿತು.

ಶೋರೂಮಿನವರು ಕಳುಹಿಸಿದ ಕಾಗದವನ್ನು ಓದದೆಯೇ ಐದು ವರ್ಷ ಹಣ ಕಟ್ಟುತ್ತ ಬಂದ ಪಾಪಿ ನಾನು. ನನ್ನ ಪಾಲಿಸಿಯನ್ನು ರಾಯರು ಜಾತಕದಂತೆ ಬಿಡಿಸಿ, ಕನ್ನಡಕವನ್ನು ಹಣೆಗೇರಿಸಿ, ಹುಟ್ಟಿದ ವರ್ಷ, ಸಿ.ಸಿ., ನೋಂದಣಿಯಾದ ಊರು ಎಲ್ಲವನ್ನೂ ಪರಾಮರ್ಶಿಸಿ, “ನೋಂದಣಿ ಬೆಂಗಳೂರಿನದೋ!” ಎಂದು ನಿಟ್ಟುಸಿರುಬಿಟ್ಟರು. ಬೆಂಗಳೂರು, ಮುಂಬಯಿ ಮೊದಲಾದ ಎಂಟು ಮಹಾನಗರಗಳ ಗಾಡಿಗೆ ದರದ ಪಟ್ಟಿಯಲ್ಲಿ ಒಂದು ಮನೆ, ಉಳಿದ ದೇಶಕ್ಕೆಲ್ಲ ಇನ್ನೊಂದು. ಮೈಸೂರಿನ ಗಾಡಿ ಅಗ್ಗದ ಮನೆಯಲ್ಲಿ ಹುಟ್ಟಿದ್ದು. ಬೆಂಗಳೂರಿನಲ್ಲಿ ನೌಕರಿಯಲ್ಲಿದ್ದಾಗ ಕೊಂಡದ್ದೆಂದು ನಾನು ತಲೆತಗ್ಗಿಸಿದೆ.

ಆಮೇಲೆ ಅವರು ತಮ್ಮ ಪ್ರಿಯವಾದ ಪೂರ್ವಪಕ್ಷವನ್ನು ಎತ್ತಿದರು. “ನೋಡಿ ಮೇಷ್ಟ್ರೇ, ನಮ್ಮಲ್ಲಿ ಬಹುಮಟ್ಟಿಗೆ ಕುದುರೆಯನ್ನು ನೋಡಿ ದರ ಕಟ್ಟುತ್ತಾರೆಯೇ ಹೊರತು ಸಾರಥಿಯನ್ನು ನೋಡಿ ಅಲ್ಲ. ವಿರಾಟನ ರಥವನ್ನು ಬೃಹನ್ನಳೆ ಹೊಡೆದರೂ ಅಷ್ಟೇ ಪ್ರೀಮಿಯಂ, ಉತ್ತರಕುಮಾರ ಹೊಡೆದರೂ ಅಷ್ಟೇ. ಸಾರಥಿಯ ಯೋಗ್ಯತೆಗೆ ಇರುವ ಸಾಕ್ಷಿ ಎಂದರೆ ಈ ಬೋನಸ್ಸೊಂದೇ.” ಅಮೆರಿಕದಲ್ಲಿರುವ ಅವರ ಮೊಮ್ಮಗನಿಗೆ ಹದಿನೇಳರ ಪ್ರಾಯವೆಂಬ ಒಂದೇ ಅಪರಾಧಕ್ಕೆ ವಿಮೆ ದುಬಾರಿಯಾಗಿತ್ತಂತೆ, ಅವನು ಶಾಲೆಯಲ್ಲಿ ಒಳ್ಳೆಯ ಅಂಕಗಳನ್ನು ತೆಗೆದದ್ದಕ್ಕೆ ಅದೇ ವಿಮೆಯಲ್ಲಿ ರಿಯಾಯಿತಿಯೂ ಸಿಕ್ಕಿತಂತೆ. ಇದನ್ನು ಹೇಳುವಾಗ ರಾಯರ ಕಂಠ ಗದ್ಗದವಾಯಿತು. ಮಾರ್ಕ್ಸು ಹೆಚ್ಚಿದರೆ ಪ್ರೀಮಿಯಂ ತಗ್ಗುವ ದೇಶವನ್ನು ಅವರು ರಾಮರಾಜ್ಯಕ್ಕಿಂತ ಒಂದು ಗುಲಗಂಜಿಯಷ್ಟೂ ಕಡಿಮೆಯೆಂದು ಎಣಿಸುವುದಿಲ್ಲ.

ಕಂಪನಿಗಳು ಮಾಡದ ಈ ವಿಂಗಡಣೆಯನ್ನು ರಾಯರು, ಕಾಲೇಜಿನಲ್ಲಿ ಓದಿದ ಅಲಂಕಾರಶಾಸ್ತ್ರವನ್ನು ವ್ಯರ್ಥಗೊಳಿಸದೆ, ನಾಯಕಭೇದಗಳ ಕ್ರಮದಲ್ಲಿ ತಾವೇ ಮಾಡಿಟ್ಟಿರುವರು. ಎದುರು ಮನೆಯ ಇಂಜಿನಿಯರ್ ಹುಡುಗ ಧೀರೋದ್ಧತ. ಅವನು ಹಳೆಯ ಕಾರೊಂದನ್ನು ಕೊಂಡು, ಮಾರಿದವನ ಐವತ್ತು ಪರ್ಸೆಂಟೂ ಸೀಟಿನ ಕವರಿನೊಂದಿಗೆ ತನಗೇ ಬಂತೆಂದು ಸಂಭ್ರಮಿಸುತ್ತಿದ್ದಾಗ, ಬೋನಸ್ಸೆಂಬುದು ಆತ್ಮದಂತೆ, ಗಾಡಿ ಬರಿಯ ದೇಹ, ಮಾರಿದವನು ಅದನ್ನು ಕಾಗದದಲ್ಲಿ ಬರೆಸಿಕೊಂಡು ಮೂರು ವರ್ಷದೊಳಗೆ ಬೇರೊಂದು ಗಾಡಿಯಲ್ಲಿ ಪ್ರವೇಶಮಾಡಿಸಬಹುದು ಎಂದು ರಾಯರು ಗೇಟಿನ ಬಳಿ ನಿಂತೇ ವೇದಾಂತ ಬೋಧಿಸಿದರು. ಹುಡುಗನ ಮುಖ ನೋಡಲಾಗಲಿಲ್ಲ. ದಿನಕ್ಕೆ ಮೂರು ಆಸ್ಪತ್ರೆ ಸುತ್ತುವ ಡಾಕ್ಟರಮ್ಮ ಧೀರೋದಾತ್ತೆ. ಆಕೆಗೆ ಮಾತ್ರ ಖರ್ಚು ಹೆಚ್ಚಿಸುವ ಸಲಹೆ. “ಝೀರೋ ಡೆಪ್ ಹಾಕಿಸಿಕೊಳ್ಳಿ ಡಾಕ್ಟ್ರೇ. ಬಂಪರೆಂದರೆ ಈಗ ಬರಿಯ ಪ್ಲಾಸ್ಟಿಕ್ಕು. ಪ್ಲಾಸ್ಟಿಕ್ಕು, ರಬ್ಬರಿಗೆಲ್ಲ ಅರ್ಧ ಬೆಲೆ ಸವಕಳಿಯೆಂದು ಮುರಿದುಕೊಳ್ಳುತ್ತಾರೆ. ಆ ಅರ್ಧ ನಿಮ್ಮ ಕೈಯಿಂದಲೇ ಹೋಗುತ್ತದೆ.” ನನ್ನನ್ನು, ಹಾಡು ಕೇಳುತ್ತ ಓಡಿಸುವವನೆಂಬ ಕಾರಣಕ್ಕೆ, ಧೀರಲಲಿತರಲ್ಲಿ ಸೇರಿಸಿದರು. ಧೀರಶಾಂತರು ಯಾರೆಂದು ನಾನು ಕೇಳಲಿಲ್ಲ. ಅವರೂ ವಿನಯದಿಂದ ಹೇಳಲಿಲ್ಲ.

ಧೀರಶಾಂತರ ಕಾರು ವರ್ಷಕ್ಕೆ ಸಾವಿರ ಕಿಲೋಮೀಟರನ್ನೂ ಮುಟ್ಟದು. 2022ರಲ್ಲಿ ಓಡಿಸಿದ ದೂರಕ್ಕೆ ತಕ್ಕಂತೆ ಹಣ ಕಟ್ಟುವ ಪದ್ಧತಿಗೆ ಅಪ್ಪಣೆ ದೊರೆತ ಮೇಲಂತೂ ರಾಯರು ಮೀಟರನ್ನು ಹಾಲಿನ ಲೆಕ್ಕದಂತೆ ಚೀಟಿಯಲ್ಲಿ ಬರೆದಿಡತೊಡಗಿದರು. ಇದರ ಬಿಸಿ ಮೊದಲು ತಟ್ಟಿದ್ದು ಅವರ ಧರ್ಮಪತ್ನಿಗೆ. ಕಾರ್ತಿಕ ಸೋಮವಾರಕ್ಕೆ ಮುನ್ನಾದಿನ ಆಕೆ, ನನ್ನ ಎದುರಿನಲ್ಲಿ ಕೇಳಿದರೆ ಇಲ್ಲವೆನ್ನಲಾರರೆಂಬ ಲೆಕ್ಕದಿಂದಲೋ ಏನೋ, “ಏನೂಂದ್ರೆ, ನಾಳೆ ನಂಜನಗೂಡಿಗೆ ಕಾರಿನಲ್ಲಿ ಹೋಗಿಬರೋಣವೇ?” ಎಂದರು.

“ಹೋಗಿಬರುವುದಕ್ಕೆ ಐವತ್ತು ಕಿಲೋಮೀಟರಾಯಿತಲ್ಲೇ. ಸರ್ಕಾರದ ಬಸ್ಸಿನಲ್ಲಿ ಈಗ ಹೆಂಗಸರಿಗೆ ಟಿಕೆಟ್ಟೇ ಇಲ್ಲ. ಆರಾಮವಾಗಿ ಹೋಗಿ ಬಾ.”

“ನೀವು?”

“ಕಾರನ್ನು ನೋಡಿಕೊಳ್ಳುವವರು ಒಬ್ಬರು ಮನೆಯಲ್ಲಿರಬೇಡವೇ?”

ಆಕೆ ನನ್ನನ್ನೊಮ್ಮೆ ನೋಡಿ ಒಳಗೆ ಹೋದರು. ಅಂದು ನನಗೆ ಎರಡನೆಯ ಲೋಟ ಕಾಫಿ ಬರಲಿಲ್ಲ.

ವಿಧಿಯಾದರೂ ಎಂಥದು! ಕಳೆದ ಆಷಾಢದಲ್ಲಿ, ರಿನ್ಯೂವಲ್ಲಿಗೆ ಹತ್ತು ದಿನವಿರುವಾಗ, ಮರ ಹತ್ತುವವನ ಕೂಲಿ ಹೆಚ್ಚಾಯಿತೆಂದು ಆರು ತಿಂಗಳಿಂದ ಕೀಳಿಸದೆ ಬಿಟ್ಟಿದ್ದ ಗೊನೆಯಿಂದ ಕಾಯೊಂದು ಗಾಳಿಗೆ ಕಳಚಿ, ರಾತ್ರಿ ಎರಡರ ಹೊತ್ತಿಗೆ ಬಾನೆಟ್ಟಿನ ಮೇಲೆ ಬಿತ್ತು. ಆ ಸದ್ದಿಗೆ ಬೀದಿಯ ನಾಯಿಗಳೂ ನಾನೂ ಒಟ್ಟಿಗೆ ಎದ್ದೆವು. ಬೆಳಗ್ಗೆ ಹೊದಿಕೆ ಸರಿಸಿ ನೋಡಿದರೆ, ಒಬ್ಬಟ್ಟಿನ ಹೂರಣ ಕಲಸುವ ಬೋಗುಣಿಯಷ್ಟು ತಗ್ಗು. ಗ್ಯಾರೇಜಿನವನು ಬಂದು, ತಟ್ಟಿ, ಬಣ್ಣ ಸೇರಿ 6,800 ರೂಪಾಯಿ ಎಂದ. ವಿಮೆಯಿದ್ದೂ ಕೈಯಿಂದ ಏಕೆ ಕೊಡಬೇಕು, ಕ್ಲೇಮು ಮಾಡಿ ಎಂದು ಬೀದಿಯ ಧೀರೋದ್ಧತರೆಲ್ಲ ಒಕ್ಕೊರಲಿನಿಂದ ಹೇಳಿದರು.

ರಾಯರು ಉತ್ತರ ಕೊಡಲಿಲ್ಲ. ಯಾರದೋ ಮದುವೆಯ ಕರೆಯೋಲೆಯನ್ನು ಮಗುಚಿ ಬರೆಯತೊಡಗಿದರು. ಪ್ರತಿ ಕ್ಲೇಮಿನಲ್ಲಿಯೂ ಮಾಲೀಕನ ತಲೆಯ ಮೇಲೆ ಬೀಳುವ ಕಡ್ಡಾಯದ ಭಾಗ 1,000. ಪ್ರೀಮಿಯಂ ಇಳಿಸಲು ತಾವಾಗಿಯೇ ಒಪ್ಪಿಕೊಂಡಿದ್ದ ಇನ್ನೊಂದು ಭಾಗ 2,500. ಸವಕಳಿಯ ಮಾತು ಹಾಗಿರಲಿ, ಕಂಪನಿಯಿಂದ ಬರಬಹುದಾದದ್ದು 3,300. ಇತ್ತ, ಸ್ವಂತ ಹಾನಿಯ ಪ್ರೀಮಿಯಂ ಬೋನಸ್ಸಿಲ್ಲದೆ 4,000. ಕ್ಲೇಮು ಮಾಡಿದರೆ ಬೋನಸ್ಸು ಸೊನ್ನೆಗಿಳಿದು, ಮತ್ತೆ ಮೆಟ್ಟಿಲು ಮೆಟ್ಟಿಲಾಗಿ ಏರಬೇಕು: ಮೊದಲ ವರ್ಷ 2,000 ನಷ್ಟ, ಎರಡನೆಯ ವರ್ಷ 1,200, ಆಮೇಲೆ 1,000, 600, 200. ಒಟ್ಟು ಐದು ಸಾವಿರ. ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿ, ವಿಜಯೀ ಸೇನಾಪತಿಯಂತೆ ತಲೆಯೆತ್ತಿ, “ಕ್ಲೇಮು ಮಾಡಿದರೆ ಸಾವಿರದ ಏಳುನೂರು ರೂಪಾಯಿ ಲುಕ್ಸಾನು!” ಎಂದರು. ಲೆಕ್ಕದಲ್ಲಿ ತಪ್ಪು ಹುಡುಕಲು ನಾನು ಎರಡು ದಿನ ಯತ್ನಿಸಿದೆ, ಸಿಗಲಿಲ್ಲ.

“ಹಾಗಾದರೆ ಸ್ವಂತ ಹಣದಲ್ಲೇ ರಿಪೇರಿ ಮಾಡಿಸುವಿರೋ?” ಎಂದೆ.

“ರಿಪೇರಿಯೇ? ಹೊದಿಕೆಯೊಳಗೆ ಅದು ಯಾರಿಗೆ ಕಾಣುತ್ತದೆ ಮೇಷ್ಟ್ರೇ?”

ಅಷ್ಟರಲ್ಲಿ ಅವರ ಮನೆಯಾಕೆ ಆ ಕಾಯನ್ನು ಸುಲಿಸಿ, ಕಿವಿಯ ಬಳಿ ಅಲ್ಲಾಡಿಸಿ, “ಚೆನ್ನಾಗಿ ಬಲಿತಿದೆ ಕಣ್ರೀ, ಸಂಜೆಯ ಚಟ್ನಿಗಾಯಿತು” ಎಂದು ಒಳಗೆ ಒಯ್ಯುತ್ತಿದ್ದರು. ರಾಯರು ಥಟ್ಟನೆ ಅವರನ್ನು ತಡೆದು, ಕಾಯನ್ನು ಕೈಯಲ್ಲಿ ತೂಗಿನೋಡಿ, ಹಿಂದಕ್ಕೆ ಕೊಟ್ಟು, ಕಾರಿನ ಖರ್ಚುವೆಚ್ಚದ ನೋಟುಪುಸ್ತಕವನ್ನು ತೆರೆದರು. ಅವರ ಭುಜದ ಮೇಲಿಂದ ನಾನು ನೋಡಿದೆ. ಖರ್ಚಿನ ಕಡೆ ‘ಬಾನೆಟ್ಟು: ಇಲ್ಲ’ ಎಂದು ಬರೆದು, ಜಮಾ ಕಡೆಯಲ್ಲಿ ದುಂಡಗೆ ಬರೆದರು: ‘ತೆಂಗಿನಕಾಯಿ, ಸುಲಿದದ್ದು, 1. ರೂ. 40.’