ದೃಷ್ಟಿಬೊಟ್ಟು ಮೀಮಾಂಸೆ

ವಿಷಯ: ಚರ್ಮದ ಮೇಲೊಂದು ಕಲೆಯಿದ್ದರೆ ನೋಡುವವರ ಕಣ್ಣು ಎಲ್ಲಿಗೆ ಹೋಗುತ್ತದೆ ಎಂಬುದು ಆಧುನಿಕ ವಿಜ್ಞಾನದ ಗಹನ ಪ್ರಶ್ನೆ. ಇದಕ್ಕೆಂದೇ ಐ ಟ್ರ್ಯಾಕರ್ ಎಂಬ ಯಂತ್ರವಿದೆ. ಕಣ್ಣಿನ ಮೇಲೆ ಇನ್‌ಫ್ರಾರೆಡ್ ಬೆಳಕು ಬಿಟ್ಟು, ಪಾಪೆಯ ನಡುವನ್ನೂ ಬೆಳಕಿನ ಮಿನುಗನ್ನೂ ತಾಳೆ ಹಾಕಿ, ನೋಟ ಎಲ್ಲಿ ನೆಟ್ಟಿದೆಯೆಂದು ಅದು ಹೇಳುತ್ತದೆ. ಯಂತ್ರವಿಲ್ಲದೆಯೇ ಉತ್ತರ ಕಂಡುಕೊಂಡವರು ನಮ್ಮ ಅಜ್ಜಿಯರು ಎಂಬುದು ಈ ಪ್ರಬಂಧದ ಪ್ರತಿಜ್ಞೆ.

ಪ್ರಯೋಗವಿಧಿ: ಹರಳೆಣ್ಣೆ ದೀಪದ ಮೇಲೆ ತಟ್ಟೆ ಕವುಚಿ, ಕಟ್ಟಿದ ಮಸಿಯನ್ನು ಕೆರೆದು, ಹನಿ ಎಣ್ಣೆಯಲ್ಲಿ ಕಲಸಿ, ಎರೆದು ಒರೆಸಿದ ಮಗುವಿನ ಕೆನ್ನೆಗೆ ಬೆರಳ ತುದಿಯಿಂದ ಒತ್ತುವುದು. ಬೊಟ್ಟು ಹಣೆಯ ನಟ್ಟನಡುವೆ ಬಿದ್ದರೆ ಅಲಂಕಾರವಾಗಿಬಿಡುತ್ತದೆ; ಆದ್ದರಿಂದ ಬೇಕೆಂದೇ ಒಂದು ಪಕ್ಕಕ್ಕೆ, ಕೊಂಚ ಸೊಟ್ಟಗೆ. ಕಣ್ಣಿಗೆ ನಿಚ್ಚಳವಾಗಿ ಕಾಣುವುದು ಸುಮಾರು 2 ಡಿಗ್ರಿ ಮಾತ್ರ, ಅಂದರೆ ಚಾಚಿದ ಕೈಯ ಹೆಬ್ಬೆರಳ ಉಗುರಿನಷ್ಟು. ಅಷ್ಟನ್ನು ಕಾಡಿಗೆಗೆ ಬರೆದುಕೊಟ್ಟರೆ ಉಳಿದ ಮಗು ಕ್ಷೇಮ ಎಂಬುದು ಅಜ್ಜಿಯ ಲೆಕ್ಕ.

ಪೂರ್ವಸೂರಿಗಳು: ರಷ್ಯಾದ ಆಲ್ಫ್ರೆಡ್ ಯಾರ್ಬುಸ್ ನೋಡುವವರ ಕಣ್ಣುಗುಡ್ಡೆಗೇ ಪುಟ್ಟ ಕನ್ನಡಿ ಅಂಟಿಸಿ, ಇಲ್ಯಾ ರೆಪಿನ್‌ನ ವರ್ಣಚಿತ್ರವೊಂದನ್ನು ತೋರಿಸಿದ. ಚಿತ್ರದಲ್ಲಿರುವವರ ವಯಸ್ಸೆಷ್ಟು ಎಂದರೆ ಕಣ್ಣು ಮುಖಗಳಿಗೆ ಹೋಯಿತು. ಮನೆಯವರು ಸ್ಥಿತಿವಂತರೇ ಎಂದರೆ ಉಡುಪಿಗೆ, ಪೀಠೋಪಕರಣಗಳಿಗೆ. ಮನಸ್ಸಿನಲ್ಲಿ ಯಾವ ಪ್ರಶ್ನೆಯೋ ಕಣ್ಣಿಗೂ ಅದೇ ದಾರಿ ಎಂದು ಸಾರಿದ ಅವನ ಗ್ರಂಥ 1967ರಲ್ಲಿ ಇಂಗ್ಲಿಷಿಗೂ ಬಂತು. ಹೆಣ್ಣು ನೋಡಲು ಬಂದವರ ಕಣ್ಣು ಉಪ್ಪಿಟ್ಟಿನ ತಟ್ಟೆಯಿಂದ ಹುಡುಗಿಯ ಮೊಡವೆಗೆ ಹಾರಿ, ಅಲ್ಲಿಂದ ಗೋಡೆಯ ಟೀವಿಯ ಅಳತೆಗೆ ಹೋಗುವುದನ್ನು ಕಂಡವರಿಗೆ ಇದರಲ್ಲಿ ಹೊಸದೇನಿಲ್ಲ.

2012ರಲ್ಲಿ ಅಮೆರಿಕದ ಸಂಶೋಧಕರಾದ ಯುವಾನ್ ಮದೇರಾ, ಮಿಕ್ಕಿ ಹೆಬ್ಲ್ ನೋಟದ ಈ ಪರೀಕ್ಷೆಯನ್ನೇ ಉದ್ಯೋಗ ಸಂದರ್ಶನಕ್ಕೆ ತಂದರು. ಅಭ್ಯರ್ಥಿಯ ಕೆನ್ನೆಯಲ್ಲಿ ಗುರುತಿದ್ದರೆ ನೋಟ ಅಲ್ಲಿಗೇ ಹರಿಯಿತು, ಅವರಾಡಿದ ಮಾತು ನೆನಪಿನಲ್ಲಿ ಕಡಿಮೆ ಉಳಿಯಿತು, ಅಂಕವೂ ಇಳಿಯಿತು. ಕಣ್ಣು ಕೆನ್ನೆಯಲ್ಲಿ ನಿಂತಾಗ ಕಿವಿ ರಜೆ ಹಾಕುತ್ತದೆ ಎಂದು ಸಿದ್ಧವಾಯಿತು. ಮಗುವನ್ನು ಕಾಯುವ ಬೊಟ್ಟು ದೊಡ್ಡವರ ನೌಕರಿ ಕಳೆಯುತ್ತದೆ.

ಪೂರ್ವಪಕ್ಷ: ಹಾಗಾದರೆ ಕಲೆಯನ್ನೇ ಅಳಿಸಿದರಾಯಿತಲ್ಲ ಎನ್ನುತ್ತಾರೆ ಮುಲಾಮುವಾದಿಗಳು. ಆ ಪಂಥದ ಮೂಲಗ್ರಂಥವಾದ ಫೇರ್ ಅಂಡ್ ಲವ್ಲಿ 1975ರಲ್ಲಿ ಪೇಟೆಗೆ ಬಂತು. 2020ರಲ್ಲಿ ಗ್ಲೋ ಅಂಡ್ ಲವ್ಲಿ ಆಗಿ, ತನ್ನ ಹೆಸರಿನ ಮೇಲಿನ ಕಲೆಯನ್ನೇ ಉಜ್ಜಿಕೊಂಡಿತು.

ಸಿದ್ಧಾಂತ: ದೋಷ ನೋಡುವವರ ಕಣ್ಣಿನಲ್ಲಿ, ಚಿಕಿತ್ಸೆ ನೋಡಿಸಿಕೊಂಡವರ ಕೆನ್ನೆಗೆ. ಅಜ್ಜಿ ಮುಗ್ಗರಿಸಿದ್ದೂ ಇಲ್ಲಿಯೇ. ಕಣ್ಣು ಹಾಕಿದವರು ಪಕ್ಕದ ಮನೆಯವರು, ಉಪ್ಪು ಮೆಣಸಿನಕಾಯಿ ನಿವಾಳಿಸಿದ್ದು ಮಗುವಿಗೆ!

ವಿನಿಯೋಗ: ಇನ್ನು ಮುಂದೆ ಅಭ್ಯರ್ಥಿ ಒಳಬರುವ ಮೊದಲು ಸಂದರ್ಶನ ಮಂಡಳಿಯವರನ್ನು ಸಾಲಾಗಿ ಕೂರಿಸಿ, ಒಬ್ಬೊಬ್ಬರಿಗೂ ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ಕೆಂಡಕ್ಕೆ ಹಾಕತಕ್ಕದ್ದು. ಘಾಟೆದ್ದು ಎಲ್ಲರೂ ಕೆಮ್ಮಿದರೆ ಸಂದರ್ಶನ ಆರಂಭಿಸಬಹುದು. ಘಾಟು ಬಾರದಿದ್ದರೆ ದೃಷ್ಟಿ ಬಲವಾಗಿದೆಯೆಂದು ತಿಳಿದು, ಅಭ್ಯರ್ಥಿಯ ಬದಲು ಮಂಡಳಿಯನ್ನೇ ಮನೆಗೆ ಕಳಿಸುವುದು.